ಹಿಟ್ಟಿನ ಕೋಳಿ, ಹರಕೆಯ ಕುರಿ, ಕಣ್ಣಪ್ಪನ ಎಡೆ

ಕೊಲ್ಲಬಾರದು, ಕೊಂದುದನ್ನು ತಿನ್ನಬಾರದು ಎಂಬ ಮಾತು ಧರ್ಮಶಾಸ್ತ್ರದಲ್ಲಿ ವಿಧಿಯಾಗಿ ಬಂದರೆ ಅದಕ್ಕೆ ವಿಧೇಯತೆಯೊಂದೇ ಉತ್ತರ. ಅದೇ ಮಾತು ಕಾವ್ಯದೊಳಕ್ಕೆ ಬಂದಾಗ ವಿಧೇಯತೆ ಸಾಲದು. ಸಹೃದಯನ ಮನಸ್ಸು ಕರಗಬೇಕು, ಕರಗುವುದಕ್ಕೆ ತಕ್ಕ ಕಾರಣವನ್ನು ಕವಿಯೇ ಒದಗಿಸಬೇಕು. ಕನ್ನಡದಲ್ಲಿ ಅಹಿಂಸೆಯ ಪ್ರತಿಪಾದನೆ ಬಹು ಹಿಂದಿನಿಂದಲೂ ಹರಿದುಬಂದಿದೆ. ಆದರೆ ಆರಾಧನೆಗಾಗಿಯೂ ಆಹಾರಕ್ಕಾಗಿಯೂ ಪ್ರಾಣಿಯನ್ನು ಕೊಲ್ಲಬಹುದೇ ಎಂಬ ಪ್ರಶ್ನೆ ಅತ್ಯಂತ ತೀವ್ರವಾಗಿ ಕೇಳಿಬರುವುದು 12ನೆಯ ಶತಮಾನದ ನಡುವಿನಿಂದ 13ನೆಯ ಶತಮಾನದ ಆದಿಭಾಗದವರೆಗಿನ ಅವಧಿಯಲ್ಲಿ. ಬಸವಣ್ಣನವರ ವಚನಗಳು, ಹರಿಹರನ ರಗಳೆಗಳು, 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ ಈ ಅವಧಿಗೆ ಸೇರಿದವು. ಒಂದು ವಚನದಲ್ಲಿ ಕುರಿಯಿದೆ, ಒಂದು ರಗಳೆಯಲ್ಲಿ ಬೇಟೆಯ ಮಾಂಸವಿದೆ, ಒಂದು ಕಾವ್ಯದಲ್ಲಿ ಹಿಟ್ಟಿನಿಂದ ಮಾಡಿದ ಕೋಳಿಯಿದೆ. ಇವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವವರು ವಿರಳ. ಇಟ್ಟು ನೋಡಿದರೆ ಒಂದು ತೊಡಕು ಎದುರಾಗುತ್ತದೆ: ಮಾಂಸವನ್ನು ಬಿಡಬೇಕೆನ್ನುವ ಕವಿಯ ಕಣ್ಣು ಸಾಯುವ ಪ್ರಾಣಿಯ ಮೇಲಿದೆಯೋ, ತಿನ್ನುವವನ ಶುಚಿತ್ವದ ಮೇಲಿದೆಯೋ? ಎರಡೂ ಒಂದೇ ಎಂದು ಭಾವಿಸುವುದು ರೂಢಿ. ಅವು ಒಂದೇ ಅಲ್ಲ.

ಜನ್ನನಿಂದ ಆರಂಭಿಸುವುದು ಕಾಲಾನುಕ್ರಮಕ್ಕೆ ಒಪ್ಪುವುದಿಲ್ಲವಾದರೂ ವಿಷಯಕ್ಕೆ ಒಪ್ಪುತ್ತದೆ. ಈ ಪ್ರಶ್ನೆಯನ್ನೇ ಆದ್ಯಂತವಾಗಿ ಕಥಾವಸ್ತುವಾಗಿಸಿಕೊಂಡ ಪ್ರೌಢಕಾವ್ಯ ಅದು. ಕಥೆ ಜನ್ನನ ಸ್ವಂತದ್ದಲ್ಲ. ಹರಿಭದ್ರನ ಪ್ರಾಕೃತ ಕೃತಿಯಲ್ಲಿ ಅದು ಕಾಣಿಸಿಕೊಂಡಿತ್ತು, 959ರಲ್ಲಿ ಸೋಮದೇವಸೂರಿ ‘ಯಶಸ್ತಿಲಕ’ವೆಂಬ ದೊಡ್ಡ ಸಂಸ್ಕೃತ ಚಂಪುವನ್ನೇ ಅದರ ಮೇಲೆ ಕಟ್ಟಿದ್ದನು, ವಾದಿರಾಜನ ಸಂಸ್ಕೃತ ಕಾವ್ಯವು ಜನ್ನನಿಗೆ ಹತ್ತಿರದ ಮಾದರಿಯಾಯಿತು. ಸೋಮದೇವನಲ್ಲಿ ತಾಯಿ ಮಗ ಇಬ್ಬರೂ ಬಲಿಯ ಯುಕ್ತಾಯುಕ್ತತೆಯನ್ನು ಕುರಿತು ಶಾಸ್ತ್ರಾಧಾರಗಳೊಡನೆ ದೀರ್ಘವಾಗಿ ವಾದಿಸುತ್ತಾರೆ. ಓದುಗನು ಆ ಪಾಂಡಿತ್ಯಕ್ಕೆ ತಲೆದೂಗುತ್ತಾನೆ, ಆದರೆ ಅವನ ಮನಸ್ಸು ಅಲುಗುವುದಿಲ್ಲ. ಜನ್ನನು ಆ ವಾದದ ಭಾರವನ್ನು ಇಳಿಸಿ, ಬಹುಪಾಲು ಕಂದಪದ್ಯಗಳಲ್ಲೇ, ನಾಲ್ಕು ಅವತಾರಗಳ ಕಿರಿದಾದ ಕಾವ್ಯವನ್ನು ರಚಿಸಿದನು. ವೀರಬಲ್ಲಾಳನಿಂದ ಕವಿಚಕ್ರವರ್ತಿ ಬಿರುದನ್ನು ಪಡೆದ ಆಸ್ಥಾನಕವಿ ಇಷ್ಟು ಮಿತವಾಗಿ ನುಡಿದದ್ದು ಆಶ್ಚರ್ಯವೇ ಸರಿ.

ಕಥೆ ಸುಪ್ರಸಿದ್ಧ. ಚಂಡಮಾರಿಯ ಗುಡಿಯಲ್ಲಿ ಮಾರಿದತ್ತ ರಾಜನು ಬಲಿಗೆ ನಿಂತಿದ್ದಾನೆ. ಬಲಿಗಾಗಿ ಹಿಡಿದು ತಂದ ಅಭಯರುಚಿ, ಅಭಯಮತಿಯರೆಂಬ ಎಳೆಯ ಅಣ್ಣತಂಗಿಯರು ಅಂಜದೆ ನಿಂತಿರುವುದನ್ನು ಕಂಡು ವಿಸ್ಮಯಗೊಂಡು ವೃತ್ತಾಂತ ಕೇಳುತ್ತಾನೆ. ಅಭಯರುಚಿ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾನೆ. ಆತನು ಹಿಂದೆ ಉಜ್ಜಯಿನಿಯ ಯಶೋಧರ ರಾಜ. ರಾಣಿ ಅಮೃತಮತಿ ವಿಕಾರರೂಪಿಯಾದ ಮಾವುತನಿಗೆ ಮನಸೋತುದನ್ನು ಕಣ್ಣಾರೆ ಕಂಡು, ಕತ್ತಿಗೆ ಕೈಹಾಕಿಯೂ ತಡೆದುಕೊಂಡು, ತಾಯಿ ಚಂದ್ರಮತಿಯ ಮುಂದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ದುಃಸ್ವಪ್ನದ ಶಾಂತಿಗೆ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸಮ್ಮತವಾದ ನಡುದಾರಿ ಹಿಟ್ಟಿನ ಕೋಳಿ.

ವಿಮರ್ಶಕರ ಗಮನ ಬಹುಮಟ್ಟಿಗೆ ಅಮೃತಮತಿಯ ಕಡೆಗೇ ಹರಿದಿದೆ. ಅದು ಸಹಜ, ಆ ಭಾಗದ ಮನೋವಿಶ್ಲೇಷಣೆ ಅಷ್ಟು ಸೂಕ್ಷ್ಮವಾಗಿದೆ. ಆದರೆ ಕಾವ್ಯದ ಗಂಟು ಕಟ್ಟಿರುವುದು ಹಿಟ್ಟಿನ ಕೋಳಿಯಲ್ಲಿ. 1980ರಲ್ಲಿ ಪ್ರಕಟವಾದ ತಮ್ಮ ನಾಟಕಕ್ಕೆ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ವೆಂದೇ ಹೆಸರಿಟ್ಟದ್ದು ಈ ಅರಿವಿನಿಂದಲೇ ಇರಬೇಕು. ಹಿಟ್ಟಿನಿಂದ ಮಾಡಿದ ಕೋಳಿಗೆ ಜೀವವಿಲ್ಲ; ಕತ್ತರಿಸಿದರೆ ರಕ್ತವಿಲ್ಲ, ನೋವಿಲ್ಲ. ತಾಯಿಯ ಮಾತೂ ಉಳಿಯಿತು, ಮಗನ ವ್ರತವೂ ಉಳಿಯಿತು. ಲೋಕವ್ಯವಹಾರದಲ್ಲಿ ಇಂಥ ಉಪಾಯಕ್ಕೆ ಜಾಣತನವೆಂದು ಹೆಸರು. ಆ ಬೊಂಬೆಯ ಚೆಲುವಿಗೆ ಸೋತ ಒಂದು ಬೆಂತರ ಅದರೊಳಗೆ ಹೊಕ್ಕಿರುತ್ತದೆ. ಕತ್ತಿ ಬಿದ್ದೊಡನೆ ಕೋಳಿ ಕೂಗುತ್ತದೆ. ಸೋಮದೇವನ ನೂರಾರು ಶ್ಲೋಕಗಳ ವಾದ ಮಾಡಲಾರದ ಕೆಲಸವನ್ನು ಆ ಒಂದು ಕೂಗು ಮಾಡಿಬಿಡುತ್ತದೆ. ಯಶೋಧರನು ಕೊಂದದ್ದು ಏನನ್ನು ಎಂದು ಕೇಳಿದರೆ ಉತ್ತರವಿಲ್ಲ. ಕೊಲ್ಲುವ ಸಂಕಲ್ಪದಿಂದ ಅವನು ಕತ್ತಿಯೆತ್ತಿದ್ದನೇ ಎಂದು ಕೇಳಿದರೆ ಎತ್ತಿದ್ದನು. ಜೈನದರ್ಶನ ಸಂಕಲ್ಪಹಿಂಸೆಯೆಂದು ಹೇಳುವ ಸೂಕ್ಷ್ಮತತ್ತ್ವವನ್ನು ಇಷ್ಟು ನೇರವಾಗಿ ಕಿವಿಗೆ ಮುಟ್ಟಿಸಿದ ಸನ್ನಿವೇಶ ಕನ್ನಡದಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ.

ಆದರೂ ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಕೂಗಿದ್ದು ಕೋಳಿಯಲ್ಲ, ಬೆಂತರ. ನೋವನ್ನುಂಡ ಕೋಳಿ ಈ ಪ್ರಸಂಗದಲ್ಲಿ ಇಲ್ಲವೇ ಇಲ್ಲ. ಕವಿಯ ದೃಷ್ಟಿ ನೆಟ್ಟಿರುವುದು ಕತ್ತಿ ಹಿಡಿದವನ ಆತ್ಮಕ್ಕೆ ಅಂಟಿದ ಕಲೆಯ ಮೇಲೆ. ಆ ಕಲೆಯ ಫಲವಾಗಿ ತಾಯಿಮಕ್ಕಳು ಅಮೃತಮತಿ ಇಕ್ಕಿದ ವಿಷದಿಂದ ಸತ್ತು, ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡಾಗಿ ಕೋಣವಾಗಿ, ಕಡೆಗೆ ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ತಂದೆಯ ಸದ್ಗತಿಗಾಗಿ ಮಗ ಮಾಡಿಸುವ ಶ್ರಾದ್ಧದ ಅಡುಗೆಗೆ ಆ ತಂದೆಯೇ ಪ್ರಾಣಿಯಾಗಿ ಒದಗುವ ಭೀಕರ ವಿಪರ್ಯಾಸ ಈ ಕಥಾಪರಂಪರೆಯ ಅತಿ ಬಲವಾದ ಭಾಗ. ಎಲೆಯ ಮೇಲೆ ಬಡಿಸಿರುವುದು ಯಾರೆಂದು ಉಣ್ಣುವವನಿಗೆ ತಿಳಿಯದು, ಓದುಗನಿಗೆ ತಿಳಿದಿದೆ. ಮಾಂಸಾಹಾರವನ್ನು ಬಿಡಿಸುವ ಯುಕ್ತಿಯಾಗಿ ಇದಕ್ಕೆ ಎಣೆಯಿಲ್ಲ. ಆದರೆ ಈ ಯುಕ್ತಿ ಹೇಳುವುದೇನು? ನೀನು ತಿನ್ನುತ್ತಿರುವ ಮೀನು ನಿನ್ನ ತಂದೆಯಾಗಿದ್ದೀತು ಎಂದು. ಮೀನು ಮೀನಾಗಿರುವುದರಿಂದಲೇ ಅದನ್ನು ಬಿಡು ಎಂದಲ್ಲ. ಪ್ರಾಣಿಯ ತೊಗಲಿನೊಳಗೆ ಅವಿತಿರುವ ಮನುಷ್ಯನ ಮೇಲೆ ಮರುಕ ಹುಟ್ಟುತ್ತದೆಯೇ ಹೊರತು, ಯಾರ ಪೂರ್ವಜನ್ಮವೂ ಆಗಿರದ ಒಂದು ಬಡ ಮೀನಿನ ಮೇಲೆ ಅಲ್ಲ. ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿ, ಏಕೇಂದ್ರಿಯವಾದ ಗಿಡಮರಗಳಿಗೂ ಜೀವವಿದೆಯೆಂದು ಎಲ್ಲರಿಗಿಂತ ಎಚ್ಚರದಿಂದ ಎಣಿಸಿದ ದರ್ಶನದ ಕವಿಯಲ್ಲಿ ಈ ಕೊರತೆ ಕಾಣುವುದು ಸ್ವಲ್ಪ ವಿಚಿತ್ರವೇ. ಇದನ್ನು ಜನ್ನನ ದೋಷವೆನ್ನುವುದಕ್ಕಿಂತ ಜನ್ಮಾಂತರಕಥೆಯೆಂಬ ಪ್ರಕಾರದ ಮಿತಿಯೆನ್ನುವುದು ನ್ಯಾಯ.

ಈ ಮಿತಿಯೇ ಬೇರೊಂದು ರೂಪದಲ್ಲಿ ‘ಗೋವಿನ ಹಾಡಿ’ನಲ್ಲಿಯೂ ಇದೆ. ಅಲ್ಲಿ ಪುಣ್ಯಕೋಟಿಯೆಂಬ ಹಸು ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹುಲಿಯ ಬಾಯಿಗೇ ಮರಳಿ ಬರುತ್ತದೆ. ಹುಲಿ ನಾಚಿ ಪ್ರಾಣ ಬಿಡುತ್ತದೆ. ತಲೆಮಾರುಗಳ ಮಕ್ಕಳನ್ನು ಅಳಿಸಿದ ಹಾಡು ಅದು. ಅದರ ಕರುಣರಸವನ್ನು ಪ್ರಶ್ನಿಸುವುದು ಉದ್ಧಟತನವಾದೀತು. ಆದರೆ ಹುಲ್ಲು ತಿನ್ನಲಾರದ ಹುಲಿಗೆ ಮನುಷ್ಯನ ಧರ್ಮವನ್ನು ಹೊರಿಸಿ, ಅದು ತಾಳಲಾರದೆ ಸಾಯುವುದನ್ನು ಧರ್ಮದ ಗೆಲುವೆಂದು ಎಣಿಸಬಹುದೇ? ಹಸಿವು ಹುಲಿಗೆ ಪಾಪವಲ್ಲ. ಸಸ್ಯಾಹಾರ ನೈತಿಕ ಆಯ್ಕೆಯಾಗುವುದು ಆಯ್ಕೆಯಿರುವ ಮನುಷ್ಯನಿಗೆ ಮಾತ್ರ. ಹಾಡಿನ ನಿಜವಾದ ಸತ್ತ್ವ ಸತ್ಯವಾಕ್ಯದಲ್ಲಿದೆ. ಅದನ್ನು ಆಹಾರದ ಪಾಠವಾಗಿ ಓದಿದರೆ ಹಾಡಿಗೂ ಹುಲಿಗೂ ಅನ್ಯಾಯ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ವಚನಗಳ ಕಡೆಗೆ ತಿರುಗಿದರೆ, ಜನ್ನನಿಗಿಂತ ಅರ್ಧ ಶತಮಾನದಷ್ಟು ಹಿಂದೆಯೇ, ಬೇರೊಂದು ಕಣ್ಣು ತೆರೆದಿದ್ದುದು ಕಾಣುತ್ತದೆ. ಬಸವಣ್ಣನವರ ಎರಡು ವಚನಗಳನ್ನು ಇಲ್ಲಿ ನೆನೆಯಬೇಕು. ಒಂದರಲ್ಲಿ ಹಬ್ಬದ ದಿನ ಬಲಿಗೆಂದು ತಂದು ಕಟ್ಟಿದ ಕುರಿಯೊಂದು, ಅದೇ ಹಬ್ಬದ ಅಲಂಕಾರಕ್ಕೆಂದು ತಂದ ಎಳೆಯ ಎಲೆಯನ್ನು ತಿನ್ನತೊಡಗುತ್ತದೆ. ತನ್ನನ್ನು ಕೊಲ್ಲುವರೆಂಬುದು ಅದಕ್ಕೆ ತಿಳಿಯದು; ತಿಳಿದಿರುವುದು ಹೊಟ್ಟೆಯ ಹಸಿವೊಂದೇ. ಸಮಗ್ರ ವಚನಸಾಹಿತ್ಯದಲ್ಲಿ ಇಷ್ಟು ಸರಳವಾಗಿ ಇಷ್ಟು ದಾರುಣವಾದ ಚಿತ್ರ ಅಪರೂಪ. ಈ ಕುರಿ ಯಾರ ಪೂರ್ವಜನ್ಮವೂ ಅಲ್ಲ. ಅದು ಮಾತನಾಡುವುದಿಲ್ಲ, ಶಪಿಸುವುದಿಲ್ಲ, ಸತ್ಯವಾಕ್ಯವನ್ನು ಪಾಲಿಸುವುದಿಲ್ಲ. ಅದು ಕುರಿಯಾಗಿಯೇ ಇದೆ, ಹಸಿದಿದೆ, ಎಲೆ ಹಸುರಾಗಿದೆ. ಅದರ ಮೇಲೆ ಕನಿಕರ ಹುಟ್ಟುವುದಕ್ಕೆ ಬೇರೆ ಯಾವ ಅರ್ಹತೆಯೂ ಬೇಕಿಲ್ಲವೆಂಬುದೇ ಆ ಚಿತ್ರದ ಬಲ. ವಚನವು ಅಲ್ಲಿಗೇ ನಿಲ್ಲದೆ ಕೊಂದವರ ಕಡೆಗೂ ತಿರುಗಿ, ಅವರೇನು ಸಾಯದೆ ಉಳಿದರೇ ಎಂದು ಪ್ರಶ್ನಿಸುತ್ತದೆ. ಇದನ್ನು ಶಾಪವೆಂದು ಓದುವವರುಂಟು. ಆದರೆ ಅದರ ದನಿ ಶಾಪದ್ದಲ್ಲ. ಕುರಿಗೆ ತನ್ನ ಸಾವು ತಿಳಿಯದು, ಕೊಲ್ಲುವವನಿಗೂ ತನ್ನ ಸಾವು ನೆನಪಿಲ್ಲ. ಒಂದೇ ಹಗ್ಗದ ಎರಡು ತುದಿಗೆ ಇಬ್ಬರೂ ಕಟ್ಟಿಸಿಕೊಂಡಿದ್ದಾರೆ. ಕೊಲೆಗಾರನನ್ನು ಕುರಿಯಿಂದ ಬೇರ್ಪಡಿಸಿ ನರಕಕ್ಕೆ ನೂಕದೆ, ಕುರಿಯ ಪಕ್ಕದಲ್ಲೇ ನಿಲ್ಲಿಸುವ ಈ ಕ್ರಮವನ್ನು ಗಮನಿಸಬೇಕು.

ಕನ್ನಡದ ಮಾತಿನಲ್ಲಿ ಈ ವಚನಕ್ಕೆ ಒದಗಿದ ಗತಿಯೂ ಗಮನಾರ್ಹ. ‘ಹರಕೆಯ ಕುರಿ’ ಎಂಬುದು ಈಗ ನುಡಿಗಟ್ಟು. ಚುನಾವಣೆಯಲ್ಲಿ ಸೋಲುವ ಕಣಕ್ಕೆ ನೂಕಲ್ಪಟ್ಟ ಅಭ್ಯರ್ಥಿಯನ್ನೂ, ಮೇಲಿನವರ ತಪ್ಪಿಗೆ ಅಮಾನತುಗೊಂಡ ಗುಮಾಸ್ತನನ್ನೂ ಪತ್ರಿಕೆಗಳು ಹಾಗೆ ಕರೆಯುತ್ತವೆ. ಹೀಗೆ ಕರೆಯುವಾಗ ಯಾರಿಗೂ ಕುರಿ ಕಣ್ಣಿಗೆ ಬೀಳುವುದಿಲ್ಲ. ವಚನಕಾರರು ಕಷ್ಟಪಟ್ಟು ಕಂಡ ಪ್ರಾಣಿಯನ್ನು ನುಡಿಗಟ್ಟು ಮತ್ತೆ ಮರೆಮಾಡಿ, ಅದರ ಜಾಗದಲ್ಲಿ ಮನುಷ್ಯನನ್ನು ಕೂರಿಸಿದೆ.

ಇನ್ನೊಂದು ವಚನದಲ್ಲಿ ಬಸವಣ್ಣನವರು ನೇರವಾಗಿ ಹೋತವನ್ನೇ ಸಂಬೋಧಿಸುತ್ತಾರೆ. ಮಂತ್ರದ ನೆವದಲ್ಲಿ ನಿನ್ನನ್ನು ಕೊಲ್ಲುವರು, ಓದಿದವರ ಮುಂದೆ, ಕೇಳಿದವರ ಮುಂದೆ ನೀನು ಅಳು ಎನ್ನುತ್ತಾರೆ. ಆ ಅಳುವಿಗೆ ತಕ್ಕುದನ್ನು ಕೂಡಲಸಂಗಮದೇವ ಮಾಡುವನೆಂಬ ಭರವಸೆ ಕೊಡುತ್ತಾರೆ. ಯಜ್ಞವನ್ನು ಖಂಡಿಸುವ ಗ್ರಂಥಗಳು ಯಜ್ಞ ಮಾಡಿಸುವವನೊಡನೆ ವಾದಕ್ಕೆ ನಿಲ್ಲುತ್ತವೆ. ಇಲ್ಲಿ ವಾದಿ ಪ್ರತಿವಾದಿಗಳಿಬ್ಬರನ್ನೂ ಬಿಟ್ಟು ಹೋತದೊಡನೆ ಮಾತು ನಡೆದಿದೆ. ಅದಕ್ಕೆ ದುಃಖಿಸುವ ಹಕ್ಕಿದೆ, ಆ ದುಃಖ ದೇವರ ಸನ್ನಿಧಿಯಲ್ಲಿ ದಾಖಲಾಗುತ್ತದೆ ಎಂಬ ನಂಬಿಕೆಯಿದೆ. ಪ್ರಾಣಿಗಳ ನೋವಿಗೆ ನ್ಯಾಯದಲ್ಲಿ ಸ್ಥಾನವುಂಟೇ ಎಂದು ಪಾಶ್ಚಾತ್ಯ ದಾರ್ಶನಿಕರು ಈಚಿನ ಶತಮಾನಗಳಲ್ಲಿ ಚರ್ಚಿಸಿದ್ದಾರೆ. ವಚನಕಾರರದು ಚರ್ಚೆಯಲ್ಲ, ಹೋತವೊಂದರ ಮುಂದೆ ನಿಂತು ಆಡಿದ ಮಾತು.

ಈ ಎರಡು ವಚನಗಳ ಪಕ್ಕದಲ್ಲಿ ಮೂರನೆಯದೊಂದು ನಿಲ್ಲುತ್ತದೆ; ಇಲ್ಲಿ ವಿಮರ್ಶೆ ತುಸು ಎಚ್ಚರದಿಂದ ಹೆಜ್ಜೆಯಿಡಬೇಕು. ಕೊಲ್ಲುವವನನ್ನೂ ಹೊಲಸನ್ನು ತಿನ್ನುವವನನ್ನೂ ಜಾತಿವಾಚಕವಾದ ಎರಡು ಹೆಸರುಗಳಿಂದ ಕರೆದು, ಸಕಲ ಜೀವಿಗಳಿಗೆ ಒಳಿತನ್ನು ಬಯಸುವ ಶರಣರೇ ಕುಲಜರೆಂದು ಸಾರುವ ವಚನವದು. ಅದರ ಉದ್ದೇಶ ಸ್ಪಷ್ಟ: ಕುಲ ಹುಟ್ಟಿನಿಂದ ಬರುವುದಲ್ಲ, ನಡತೆಯಿಂದ ಬರುವುದು. ಯಜ್ಞದಲ್ಲಿ ಪಶುವನ್ನು ಕೊಲ್ಲುವ ಉತ್ತಮಕುಲದವನಿಗೇ ಆ ಹೆಸರು ಸಲ್ಲುತ್ತದೆಯೆಂಬ ಪ್ರಹಾರವೂ ಅದರಲ್ಲಡಗಿದೆ. ಆ ಕಾಲಕ್ಕೆ ಅದು ಬೆಂಕಿಯಂಥ ಮಾತು. ಆದರೆ ಪದಗಳಿಗೆ ತಮ್ಮದೇ ಆದ ಆಯುಸ್ಸುಂಟು. ನಡತೆಯಿಂದ ಕುಲವೆಂಬ ಅರ್ಥ ಮಾಸಿದಂತೆ, ಬೈಗುಳಾಗಿ ಬಳಸಲ್ಪಟ್ಟ ಹೆಸರು ಮಾತ್ರ ಉಳಿದು, ಆ ಹೆಸರಿನ ಕೇರಿಗಳಲ್ಲಿ ಹುಟ್ಟಿದವರ ಬೆನ್ನಿಗೇ ಬಿತ್ತು. ಯಾವ ವಚನ ಹುಟ್ಟಿನ ಮೇಲುಕೀಳನ್ನು ಒಡೆಯಲು ಹುಟ್ಟಿತೋ ಅದನ್ನೇ ಮುಂದಿನವರು ಊಟದ ಮೇಲುಕೀಳಿಗೆ ಆಧಾರವಾಗಿ ಓದಿದರು. ಬಸವಣ್ಣನವರು ತಮ್ಮವರೆಂದು ಹೆಮ್ಮೆಯಿಂದ ಹೇಳಿಕೊಂಡ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರೆಲ್ಲ ತೊಗಲಿನ ಕಾಯಕದ ಮನೆಗಳವರು; ಸತ್ತ ದನದ ತೊಗಲನ್ನು ಹದಮಾಡಿ ಊರಿಗೆ ಮೆಟ್ಟು, ಮಿಣಿ ಒದಗಿಸಿದ ಕುಲದವರು. ಮೆಟ್ಟು ತೊಟ್ಟ ಕಾಲು ಶುದ್ಧ, ಮೆಟ್ಟು ಹೊಲಿದ ಕೈ ಅಶುದ್ಧ ಎಂಬ ಲೆಕ್ಕ ಶರಣರದಲ್ಲ. ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಸವಿದನೆಂಬ ಕಥೆಯನ್ನು ಶರಣಪರಂಪರೆ ಇಂದಿಗೂ ಹೇಳುತ್ತದೆ. ಆ ಅಂಬಲಿ ಯಾವ ಪಾತ್ರೆಯಲ್ಲಿ ಕುದಿಯಿತೆಂದು ಶಿವನು ಕೇಳಿದಂತಿಲ್ಲ.

ಕಣ್ಣು ಪ್ರಾಣಿಯ ಮೇಲಿದ್ದಾಗ ಸಸ್ಯಾಹಾರ ದಯೆಯಾಗುತ್ತದೆ. ಕಣ್ಣು ತಿನ್ನುವವನ ಮೇಲೆ ಹೊರಳಿದಾಗ ಅದು ಮಡಿಯಾಗುತ್ತದೆ. ಈ ಹೊರಳುವಿಕೆ ಎಷ್ಟು ಸುಲಭವೆಂಬುದಕ್ಕೆ ಈಚಿನ ಒಂದು ನಿದರ್ಶನವಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರ ಜಿಲ್ಲೆಯಲ್ಲೂ ಶಾಲಾಮಕ್ಕಳ ಅಪೌಷ್ಟಿಕತೆಯನ್ನು ನೀಗಲೆಂದು ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡುವ ಯೋಜನೆ ಆರಂಭವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹಲವರು ಮಠಾಧೀಶರು ಅದನ್ನು ವಿರೋಧಿಸಿದರು, ಹಲವರು ಸಮರ್ಥಿಸಿದರು. ವಾದವೆಲ್ಲ ಹೆಚ್ಚಾಗಿ ಪಂಕ್ತಿಯ ಸುತ್ತ ಸುಳಿಯಿತು: ಯಾರ ಮಗು ಯಾರ ಪಕ್ಕದಲ್ಲಿ ಕುಳಿತು ಏನನ್ನು ಉಣ್ಣಬೇಕು? ರಕ್ತಹೀನತೆಯಿಂದ ಬಳಲುವ ಮಗುವಿನ ಮುಖ ಒಂದು ಪಕ್ಷದ ಕಣ್ಣಿಗೆ ಬಿತ್ತು, ಅದು ನ್ಯಾಯವೇ. ಆದರೆ ರೆಕ್ಕೆ ಬಿಚ್ಚಲಾಗದ ತಂತಿಪಂಜರದಲ್ಲಿ ಆಯುಸ್ಸು ಕಳೆಯುವ ಕೋಳಿಯ ಮಾತು ಅಹಿಂಸೆಯ ಹೆಸರೆತ್ತಿದವರಲ್ಲಿಯೂ ಮುಂದಕ್ಕೆ ಬರಲಿಲ್ಲ. ಮೊಟ್ಟೆಯ ಉದ್ಯಮದಲ್ಲಿ ಗಂಡುಮರಿಗಳನ್ನು ಹುಟ್ಟಿದೊಡನೆ ಕೊಲ್ಲುವ ರೂಢಿಯಿದೆ. ಅದನ್ನು ನೋಡುವವನು ಹಾಲಿನ ಕಡೆಗೂ ನೋಡಬೇಕಾಗುತ್ತದೆ. ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಬೇಡವಾದ ಗಂಡುಕರು ಎಲ್ಲಿಗೆ ಹೋಗುತ್ತದೆಂದು ಹಾಲು ತುಪ್ಪಗಳ ಪಂಕ್ತಿಯಲ್ಲಿ ಕುಳಿತವರೂ ಕೇಳಿಕೊಳ್ಳಬೇಕಾಗುತ್ತದೆ. ಬಸವಣ್ಣನವರ ಕುರಿಯ ಚಿತ್ರ ನಿಜವಾಗಿ ಮನಸ್ಸಿಗೆ ನಾಟಿದವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮಡಿಯ ದಾರಿ ಹಿಡಿದವನಿಗೆ ಅದು ಹುಟ್ಟುವುದೇ ಇಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ಅರ್ಧದಾರಿಯಲ್ಲಿ ನಿಂತಿದೆ. 1959ರ ಪ್ರಾಣಿಬಲಿ ಪ್ರತಿಬಂಧಕ ಅಧಿನಿಯಮ ದೇವರ ಹೆಸರಿನಲ್ಲಿ ಕೊಲ್ಲುವುದನ್ನು ತಡೆಯುತ್ತದೆ, ಅಂಗಡಿಗಾಗಿ ಕೊಲ್ಲುವುದನ್ನಲ್ಲ. ಅದನ್ನು ದೂರುವಂತಿಲ್ಲ; ಕಾನೂನಿಗೆ ಅದರ ಮಿತಿಯಿದೆ. ವಚನಗಳ ಮೊದಲ ಗುರಿಯೂ ಬಲಿಯೇ ಆಗಿತ್ತು. ಆದರೆ ಬಲಿ ನಿಂತ ಊರಿನಲ್ಲಿ ಕುರಿಗೆ ಉಳಿಗಾಲ ಬಂದಿತೆಂದು ಹೇಳುವಂತಿಲ್ಲ.

ಈ ವಿಚಾರಕ್ಕೆ ನಿಜವಾದ ಒರೆಗಲ್ಲು ಕಣ್ಣಪ್ಪ. ಮಾಂಸವನ್ನು ವರ್ಜಿಸಿದ ಶರಣಪರಂಪರೆ, ಮಾಂಸದ ಎಡೆಯಿಕ್ಕಿ ಶಿವನನ್ನೊಲಿಸಿದ ಬೇಡನನ್ನು ಪುರಾತನರ ಸಾಲಿನಲ್ಲಿಟ್ಟು ಪೂಜಿಸುತ್ತದೆ. ತಮಿಳಿನ ‘ಪೆರಿಯಪುರಾಣ’ದಲ್ಲಿ ಅವನ ಕಥೆ ವಿಸ್ತಾರವಾಗಿ ಬಂದಿದೆ, ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ದಲ್ಲಿದೆ, ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ರಚಿಸಿದ ‘ಬಸವಪುರಾಣ’ದಲ್ಲೂ ಇದೆ, ಹರಿಹರನು ಅವನನ್ನು ಕುರಿತು ರಗಳೆಯನ್ನೇ ಬರೆದನು. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರದಿಂದ ಓದು ಬಾರದವರಿಗೂ ಆ ಕಥೆ ಪರಿಚಿತವಾಯಿತು. ಬಾಯಲ್ಲಿ ತುಂಬಿತಂದ ನೀರಿನ ಅಭಿಷೇಕ, ಮುಡಿಯಲ್ಲಿ ಮುಡಿದುತಂದ ಹೂವಿನ ಪೂಜೆ, ತಾನು ರುಚಿ ನೋಡಿ ಆರಿಸಿದ ಮಾಂಸದ ನೈವೇದ್ಯ: ಶುಚಿತ್ವದ ಯಾವ ನಿಯಮವನ್ನೂ ಅವನು ಉಳಿಸಲಿಲ್ಲ. ಲಿಂಗದ ಕಣ್ಣಲ್ಲಿ ರಕ್ತ ಸುರಿದಾಗ ತನ್ನ ಕಣ್ಣನ್ನು ಕಿತ್ತಿಟ್ಟನು. ಇನ್ನೊಂದು ಕಣ್ಣೂ ಸುರಿಯತೊಡಗಿದಾಗ ಜಾಗ ತಪ್ಪದಿರಲೆಂದು ಲಿಂಗದ ಮೇಲೆ ಕಾಲಿಟ್ಟು ಎರಡನೆಯದಕ್ಕೂ ಕೈಹಾಕಿದನು.

ಈ ಕಥೆಯನ್ನು ಹೇಳಿದ ಹರಿಹರನು ‘ಪುಷ್ಪರಗಳೆ’ಯ ಕವಿಯೂ ಹೌದೆಂಬುದನ್ನು ಮರೆಯಬಾರದು. ಪಂಪಾವಿರೂಪಾಕ್ಷನಿಗೆ ಹೂ ಬಿಡಿಸುವ ಕೈಯ ನಯವನ್ನೇ ಕಾವ್ಯವಾಗಿಸಿದ ಕೋಮಲಹೃದಯದ ಭಕ್ತನವನು. ಅಂಥವನು ರಕ್ತಸಿಕ್ತವಾದ ಎಡೆಯ ಮುಂದೆ ಹಿಂಜರಿಯಲಿಲ್ಲ. ಕೆಲವು ವ್ಯಾಖ್ಯಾನಕಾರರು ಅವನ ಪರವಾಗಿ ತಾವು ಹಿಂಜರಿದು, ಕಣ್ಣಪ್ಪನ ಮಾಂಸವನ್ನು ಸಂಕೇತವೆಂದರು; ಮಾಂಸವೆಂದರೆ ದೇಹಾಭಿಮಾನ, ಬೇಟೆಯೆಂದರೆ ಇಂದ್ರಿಯನಿಗ್ರಹ ಎಂಬಂಥ ಅರ್ಥಗಳನ್ನು ತೊಡಿಸಿದರು. ಇದು ಹಿಟ್ಟಿನ ಕೋಳಿಯ ಜಾಣತನವೇ. ಮಾಂಸವನ್ನು ಹಿಟ್ಟಾಗಿಸಿ ಕಥೆಯನ್ನೂ ಉಳಿಸಿಕೊಂಡು ಮಡಿಯನ್ನೂ ಉಳಿಸಿಕೊಳ್ಳುವ ಉಪಾಯ. ಮಾಂಸ ಮಾಂಸವೇ ಆಗಿರದಿದ್ದರೆ ಅರ್ಚಕನು ಬೆಚ್ಚಿಬೀಳಲು ಕಾರಣವಿಲ್ಲ. ಅರ್ಚಕನು ಬೆಚ್ಚದಿದ್ದರೆ ಕಥೆಯೇ ಇಲ್ಲ.

ಹಾಗಾದರೆ ಕಣ್ಣಪ್ಪನ ಕಥೆ ಮಾಂಸಾಹಾರಕ್ಕೆ ಸಮರ್ಥನೆಯೇ? ಹಾಗೆ ಓದಿದವರೂ ಇದ್ದಾರೆ. ಆ ಓದೂ ನಿಲ್ಲುವುದಿಲ್ಲ. ಕಥೆ ನಿರಾಕರಿಸುವುದು ಒಂದನ್ನು ಮಾತ್ರ: ತಿನ್ನುವ ಆಹಾರದಿಂದ ಮನುಷ್ಯನ ಬೆಲೆಯನ್ನು ಕಟ್ಟುವ ಲೆಕ್ಕವನ್ನು. ಶಿವನು ಸ್ವೀಕರಿಸಿದ್ದು ಮಾಂಸವನ್ನಲ್ಲ, ಕೊಡುವವನಿಗೆ ಗೊತ್ತಿದ್ದ ಅತ್ಯುತ್ತಮವಾದುದನ್ನು ತನಗೆಂದು ಇಡುವ ಮನಸ್ಸನ್ನು. ಅದನ್ನು ಕೊಟ್ಟವನೇ ಮರುಗಳಿಗೆಯಲ್ಲಿ ತನ್ನ ಶರೀರದಿಂದಲೇ ಕಣ್ಣನ್ನು ಕಿತ್ತುಕೊಡುತ್ತಾನೆ. ಅಲ್ಲಿಯವರೆಗೆ ಬೇರೆ ಜೀವದ ಮಾಂಸವನ್ನು ಎಡೆಯಿಟ್ಟವನು ಈಗ ತನ್ನ ಮಾಂಸವನ್ನು ಇಡುತ್ತಾನೆ. ಕಥೆಯ ಏರಿಕೆ ಇರುವುದು ಇಲ್ಲಿ. ಪರರ ಪ್ರಾಣದಿಂದ ಕೊಡುವ ಪೂಜೆ ತನ್ನ ಪ್ರಾಣದಿಂದ ಕೊಡುವ ಪೂಜೆಗೆ ಎಡೆಬಿಟ್ಟುಕೊಡುತ್ತದೆ. ಹೀಗೆ ನೋಡಿದರೆ ಹೋತದೊಡನೆ ಮಾತನಾಡಿದ ಬಸವಣ್ಣನವರು ಕಣ್ಣಪ್ಪನನ್ನು ಕೊಂಡಾಡಿದ್ದರಲ್ಲಿ ವಿರೋಧವಿಲ್ಲ. ಹೆಂಡದ ಮಾರಯ್ಯನನ್ನೂ ಶರಣನೆಂದ ಪರಂಪರೆಯದು. ಬಂದವನನ್ನು ಮೊದಲು ತನ್ನವನೆಂದು ಒಪ್ಪಿಕೊಂಡು, ನಡತೆಯ ಮಾತನ್ನು ಆಮೇಲೆ, ಮನೆಯವರೊಡನೆ ಆಡುವಂತೆ ಆಡಿತು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಕಣ್ಣಪ್ಪನ ಕಥೆಯ ಕೇಂದ್ರದಲ್ಲಿ ಬೇಡನಿದ್ದಾನೆ, ಶಿವನಿದ್ದಾನೆ, ಮರೆಯಲ್ಲಿ ನಿಂತು ನೋಡುವ ಅರ್ಚಕನಿದ್ದಾನೆ. ಬಾಣಕ್ಕೆ ಬಿದ್ದ ಮೃಗಕ್ಕೆ ಮಾತ್ರ ಸ್ಥಾನವಿಲ್ಲ. ಅದು ಹೇಗೆ ಓಡಿತು, ಎಲ್ಲಿ ಬಿತ್ತು ಎಂಬ ಕಡೆಗೆ ಭಕ್ತಿಯ ಕಣ್ಣು ಹೊರಳುವುದಿಲ್ಲ. ಅರ್ಚಕನಿಗೆ ಅದು ಮೈಲಿಗೆ, ಬೇಡನಿಗೆ ನೈವೇದ್ಯ. ಜನ್ನನ ಕಾವ್ಯದಲ್ಲಿ ಕೋಳಿಯ ಬದಲು ಬೆಂತರ ಕೂಗಿತು. ಇಲ್ಲಿ ಯಾವ ಬೆಂತರವೂ ಬಂದು ಕೂಗಲಿಲ್ಲ. ಆ ಮೌನದ ಮುಂದೆ ವಚನದ ಕುರಿಯನ್ನು ತಂದು ನಿಲ್ಲಿಸಿದಾಗಲೇ ಅದರ ಬೆಲೆ ತಿಳಿಯುವುದು: ಕೊರಳಲ್ಲಿ ಹಗ್ಗ, ಮುಂದೆ ಹಬ್ಬದ ಗದ್ದಲ, ಬಾಯಲ್ಲಿ ಇನ್ನೂ ಅಗಿದು ಮುಗಿಯದ ಎಲೆ.